ನ್ಯಾಮತಿ ಬೀಗರ ಮುಂದೆ ಸೋಲುವುದು

ವಿಮಾನ ತಪ್ಪಬಹುದಿತ್ತು. ನಾನು ವಿಮಾನ ಹತ್ತಿ, ಪೆಟ್ಟಿಗೆ ಮಾತ್ರ ಹತ್ತದೆ, ಬೀಗರಿಗೆಂದು ತಂದ ಚಾಕೊಲೇಟು ಯಾವುದೋ ಮರಳುಗಾಡಿನ ನಿಲ್ದಾಣದಲ್ಲಿ ಕರಗಿ ಹರಿಯಬಹುದಿತ್ತು. ಚನ್ನಗಿರಿಯಲ್ಲಿ ಹುಟ್ಟಿದವಳ ಕೈಯಲ್ಲಿ ಪೋಲೆಂಡಿನ ಪಾಸ್‌ಪೋರ್ಟ್ ಏಕೆ ಎಂದು ಬೆಂಗಳೂರಿನ ಅಧಿಕಾರಿ ಕೇಳಬಹುದಿತ್ತು. ನಾನು ಗಾಬರಿಯಲ್ಲಿ ಪೋಲಿಷ್ ಭಾಷೆಯಲ್ಲಿ ಉತ್ತರಿಸಬಹುದಿತ್ತು. ಅತ್ತಿಗೆ ಉಡಿಸಿದ ಸೀರೆ ಹತ್ತು ಜನರ ನಡುವೆ ಸಡಿಲವಾಗಬಹುದಿತ್ತು. ಉಪ್ಪಿಟ್ಟು ತಳ ಹತ್ತಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೋಗದೆ ಇದ್ದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನನ್ನ ಮುಖ ಇದ್ದ ಹಾಗೆಯೇ ಕಾಣಬಹುದಿತ್ತು. ಗಂಡ ಎಲ್ಲಿ ಎಂದು ಬೀಗರು ಕೇಳಬಹುದಿತ್ತು. ಎಲ್ಲಿ ಎಂದು ನಾನು ನಿಜ ಹೇಳಿಬಿಡಬಹುದಿತ್ತು. ಚದುರಂಗದ ಹಲಗೆಯ ಎದುರು ಕೂತ ಎಂಬತ್ತರ ಹಿರಿಯರು ನಾನು ಚೆಕ್ ಕೊಟ್ಟ ಕ್ಷಣದಲ್ಲೇ ಎದೆ ಹಿಡಿದುಕೊಂಡು ಬಿದ್ದು, ‘ಪರದೇಶದಿಂದ ಬಂದು ಮುದುಕನ್ನ ಕೊಂದ್ಲು’ ಎಂದು ನ್ಯಾಮತಿ ತಾಲೂಕು ಪೂರ್ತಿ ಮಾತಾಡಿಕೊಳ್ಳಬಹುದಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ, ಅವರು ‘ಬ್ಯಾಡ’ ಎನ್ನಬಹುದಿತ್ತು. ಅದೊಂದು ಮಾತಿಗೆ ಒಂದು ಹುಡುಗಿಯ ಆಟ ನಿಂತುಹೋಗುತ್ತಿತ್ತು.

ಹುಡುಗಿ ನನ್ನ ಅತ್ತಿಗೆಯ ಅಕ್ಕನ ಮಗಳು. ಮನೆ ನ್ಯಾಮತಿಯಲ್ಲಿ. ಕೆಲವು ವರ್ಷಗಳಿಂದ ನಾನು ಅವಳಿಗೆ ಫೋನಿನ ಪರದೆಯ ಮೇಲೆಯೇ ಚೆಸ್ ಹೇಳಿಕೊಡುತ್ತಿದ್ದೆ. ನನ್ನನ್ನು ‘ಅತ್ತೆ’ ಎಂದು ಕರೆಯುತ್ತಾಳೆ, ಗೌರವದಿಂದಲೇ ಕರೆಯುತ್ತಾಳೆ, ಅದೇ ಗೌರವದಿಂದ ಈಗೀಗ ನನ್ನನ್ನು ಸೋಲಿಸುತ್ತಾಳೆ. ಪಿಯುಸಿ ಮುಗಿಸಿದ್ದಳು. ಪೋಲೆಂಡಿನಲ್ಲಿ ನಾನಿರುವ ಊರಿನ ಚೆಸ್ ಕ್ಲಬ್ಬಿನವರು ಅವಳನ್ನು ತಂಡಕ್ಕೆ ಸೇರಿಸಿಕೊಳ್ಳಲು ಒಪ್ಪಿದ್ದರು. ಅಲ್ಲಿನ ಕಾಲೇಜೂ ಒಪ್ಪಿತ್ತು. ಅವಳ ಅಪ್ಪ ಅಮ್ಮ, ಅಳುವುದನ್ನೆಲ್ಲ ಅತ್ತು ಮುಗಿಸಿ, ಒಪ್ಪಿದ್ದರು. ಒಪ್ಪದೆ ಉಳಿದವರು ಅವಳ ಅಪ್ಪನ ಅಪ್ಪ, ತಾತ ಒಬ್ಬರೇ. ಆ ಮನೆಯಲ್ಲಿ ಅವರೊಬ್ಬರು ಒಪ್ಪದಿದ್ದರೆ ಉಳಿದವರು ಒಪ್ಪಿದ್ದು ಲೆಕ್ಕಕ್ಕಿಲ್ಲ. ಅವರ ಪ್ರಕಾರ ಶಿವಮೊಗ್ಗದಲ್ಲಿ ಬಿ.ಕಾಂ., ಅದು ಮುಗಿಯುವುದರೊಳಗೆ ಮದುವೆ.

ತಾತ ಹೇಳಿದ್ದು ಇಷ್ಟೇ. “ಆಡಿ ಆಡಿ ಕೊನೀಗೆ ಏನಾಗ್ತಾರೆ ಅಂತ ನೋಡ್ಬೇಕಲ್ಲ? ಆದೋಳು ಒಬ್ಬಳು ಅದಾಳಲ್ಲ ನಿಮ್ಮನ್ಯಾಗೆ. ಕರೆಸ್ರಿ. ನೋಡ್ತೀನಿ.”

ಹೀಗೆ, ಐವತ್ತಕ್ಕೆ ಬಂದು ನಿಂತ ನನ್ನನ್ನು ನೋಡುವ ಶಾಸ್ತ್ರ ಗೊತ್ತಾಯಿತು. ಬಟ್ಟೆ ಅಂಗಡಿಯವರು ಥಾನಿನಿಂದ ಒಂದು ತುಂಡು ಕತ್ತರಿಸಿ, ಒಗೆದು, ಬಣ್ಣ ಬಿಡುತ್ತದೋ ಇಲ್ಲವೋ ಎಂದು ತೋರಿಸುತ್ತಾರಲ್ಲ, ನಾನು ಆ ತುಂಡು.

ನಾನು ‘ಆದೋಳು’ ಆದದ್ದು ಹೇಗೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ಅಪ್ಪ ಸರ್ಕಾರಿ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಇಲಾಖೆಗೆ ಅವರ ಮೇಲೆ ಏನು ಮುನಿಸಿತ್ತೋ, ಜಗಳೂರು, ಹೊನ್ನಾಳಿ, ಚನ್ನಗಿರಿ ಎಂದು ಒಂದು ಕಡೆ ತೊಳೆದಿಟ್ಟ ಪಾತ್ರೆ ಒಣಗುವುದರೊಳಗೆ ಇನ್ನೊಂದು ಕಡೆಗೆ ಹಾಕುತ್ತಿತ್ತು. ಜಗಳೂರಿನ ಆಸ್ಪತ್ರೆಯಲ್ಲಿ ಕುರಿಗೆ ಔಷಧಿ ಕುಡಿಸಲು, ಎಮ್ಮೆಗೆ ಸೂಜಿ ಹಾಕಿಸಲು ಬಂದವರು ಡಾಕ್ಟರಿಗಾಗಿ ಕಾಯಬೇಕಿತ್ತು. ಡಾಕ್ಟರು ಯಾವಾಗ ಬರುತ್ತಾರೆಂಬುದು ಡಾಕ್ಟರಿಗೂ ಗೊತ್ತಿರುತ್ತಿರಲಿಲ್ಲ. ಕಾಯುವವರು ಜಗಲಿಯ ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚದುರಂಗ ಆಡುತ್ತಿದ್ದರು. ಔಷಧಿ ಬಾಟಲಿಯ ಮುಚ್ಚಳಗಳು ಪದಾತಿಗಳು. ಖಾಲಿ ಇಂಜೆಕ್ಷನ್ ಸೀಸೆಗಳಲ್ಲಿ ದಪ್ಪನೆಯದು ರಾಜ, ತೆಳ್ಳನೆಯದು ಮಂತ್ರಿ. ಒಬ್ಬನ ಎಮ್ಮೆಯ ಸರದಿ ಬಂದರೆ ಅವನ ಜಾಗದಲ್ಲಿ ನಾನು ಕೂರುತ್ತಿದ್ದೆ. ಹಾಗಾಗಿ ನನ್ನ ಆರಂಭದ ಆಟಗಳೆಲ್ಲ ಬೇರೆಯವರು ಅರ್ಧ ಹಾಳು ಮಾಡಿ ಎದ್ದುಹೋದ ಆಟಗಳು. ಕೆಟ್ಟದ್ದನ್ನು ಹೇಗೋ ಸಂಭಾಳಿಸುವುದೇ ಚೆಸ್ ಎಂದು ನಾನು ತಿಳಿದದ್ದು ಅಲ್ಲಿಯೇ. ಆಮೇಲೆ ಓದಿದ ಯಾವುದೂ ಅದನ್ನು ಸುಳ್ಳು ಮಾಡಲಿಲ್ಲ.

ಆ ಜಗಲಿಯಲ್ಲಿ ಒಂದು ನಿಯಮವಿತ್ತು. ಆಟದಲ್ಲಿ ಒಂದೇ ಒಂದು ಸಲ, ಪ್ರಾಣಕ್ಕೆ ಬಂದಾಗ, ರಾಜ ಕುದುರೆಯ ಹಾಗೆ ಜಿಗಿಯಬಹುದು. ನಮ್ಮ ಕಡೆ ಹಳಬರೆಲ್ಲ ಹಾಗೆಯೇ ಆಡುತ್ತಿದ್ದರು. ಇಡೀ ಪ್ರಪಂಚವೇ ಹಾಗೆ ಆಡುತ್ತದೆಂದು ನಾನು ನಂಬಿದ್ದೆ.

ಪ್ರಪಂಚ ನನಗೆ ಮೊದಲು ಎದುರಾದದ್ದು ಹೊನ್ನಾಳಿಯಲ್ಲಿ, ಶಾಲಾ ಮಕ್ಕಳ ಪಂದ್ಯದಲ್ಲಿ. ನ್ಯಾಮತಿಗೆ ಆಗಿನ್ನೂ ತಾಲೂಕಿನ ಪಟ್ಟ ಸಿಕ್ಕಿರಲಿಲ್ಲ. ಅಲ್ಲಿಯವರೂ ಹೊನ್ನಾಳಿಗೇ ಬರುತ್ತಿದ್ದರು. ಕೊನೆಯ ಆಟ, ಎದುರಿನ ಹುಡುಗ ನನ್ನ ರಾಜನನ್ನು ಮೂಲೆಗೆ ತಳ್ಳಿದ್ದ. ನಾನು ನಿಶ್ಚಿಂತೆಯಿಂದ ರಾಜನನ್ನೆತ್ತಿ ಪದಾತಿಗಳ ತಲೆಯ ಮೇಲಿಂದ ಹಾರಿಸಿ ಆಚೆಗಿಟ್ಟೆ. ತೀರ್ಪುಗಾರರು ಬಂದು ಹಲಗೆಯ ಮೇಲೆ ಬಗ್ಗಿದರು.

“ಏ ಹುಡುಗಿ, ರಾಜ ಯಾವಾಗಮ್ಮ ಕುದುರೆ ಆದ?”

“ಜಗಳೂರಾಗೆ ಆಗ್ತಾನ್ರಿ,” ಎಂದೆ.

ಇಡೀ ಸಭಾಂಗಣ ನಕ್ಕಿತು. ಅಪ್ಪ ಕೂಡ ನಕ್ಕರು; ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಆವತ್ತಿನಿಂದ ನನಗೊಂದು ಅನುಮಾನದ ರೋಗ ಅಂಟಿತು. ನನಗೆ ಗೊತ್ತಿರುವುದರಲ್ಲಿ ಎಷ್ಟು ಜಗಳೂರಿನದು, ಎಷ್ಟು ಜಗತ್ತಿನದು? ಬಲಗಡೆ ನಡೆಯಬಹುದೋ ಇಲ್ಲವೋ, ಸಾರನ್ನು ಸೊರ್ ಎಂದು ಹೀರಬಹುದೋ ಇಲ್ಲವೋ, ಎಲ್ಲವನ್ನೂ ಎರಡೆರಡು ಸಲ ನೋಡಿ ಮುಂದಡಿಯಿಡುತ್ತೇನೆ. ಆಟದಲ್ಲೂ ಅದೇ. ಎದುರಿನವರು ನನಗೆ ಮಾಡಬಹುದಾದ ಕೇಡುಗಳನ್ನೆಲ್ಲ ಅವರಿಗಿಂತ ಮೊದಲೇ ಊಹಿಸಿ ಬಾಗಿಲು ಹಾಕುತ್ತಾ ಬರುತ್ತೇನೆ. ಪತ್ರಿಕೆಯವರೊಬ್ಬರು ಅದನ್ನು ‘ಗಂಭೀರ ಶೈಲಿ’ ಎಂದು ಬರೆದಿದ್ದರು. ನಿಜ ಹೇಳಬೇಕೆಂದರೆ ನಾನು ಗೆಲ್ಲುತ್ತಿರಲಿಲ್ಲ, ಎದುರಿನವರು ಬೇಸತ್ತು ಸೋಲುತ್ತಿದ್ದರು.

ಬೇಸರ ಹುಟ್ಟಿಸುವ ಈ ವಿದ್ಯೆಯಿಂದಲೇ ರಾಜ್ಯ ಮಟ್ಟಕ್ಕೆ ಹೋದೆ, ದೇಶದ ತಂಡದ ಅಂಚಿನಲ್ಲಿ ಕೂತು ಎದ್ದೆ, ಹೆಸರಿನ ಮುಂದೆ ಇಂಗ್ಲಿಷಿನ ಮೂರು ಅಕ್ಷರಗಳ ಒಂದು ಬಿರುದೂ ಬಂತು. ಅದನ್ನು ತೋರಿಸಿದರೆ ಎಲ್ಲಿಯೂ ರಿಯಾಯಿತಿ ಸಿಗುವುದಿಲ್ಲ, ಕೇಳಿ ನೋಡಿದ್ದೇನೆ. ಪೋಲೆಂಡಿನ ಸಣ್ಣ ಊರೊಂದರ ಕ್ಲಬ್ಬಿನವರು ಮಹಿಳಾ ತಂಡಕ್ಕೆ ಒಬ್ಬರು ಬೇಕೆಂದು ಕರೆದರು. ಒಂದು ಚಳಿಗಾಲಕ್ಕೆಂದು ಹೋದವಳು ಅಲ್ಲಿನ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತಾ ಉಳಿದೆ. ಪಂದ್ಯದ ಮೇಜಿನ ಮೇಲೆ ನನ್ನ ಪಕ್ಕದ ಪುಟ್ಟ ಬಾವುಟ ಬದಲಾದಾಗ ಊರಿನ ನೆಂಟರು ಕೆಲವರು ಮಾತು ಬಿಟ್ಟರು. ಯಾವ ರಾಷ್ಟ್ರಗೀತೆಗೆ ಎದ್ದು ನಿಂತು ಅಳಬೇಕು ಎಂಬ ಚಿಂತೆ ನನಗೂ ಬಹಳ ದಿನ ಇತ್ತು. ಮೊದಲ ಸ್ಥಾನ ಬರುವಷ್ಟು ಚೆನ್ನಾಗಿ ನಾನು ಎಲ್ಲಿಯೂ ಆಡಲಿಲ್ಲವಾದ್ದರಿಂದ ಆ ಸಮಸ್ಯೆ ತಾನಾಗಿ ಬಗೆಹರಿಯಿತು.

ಅಲ್ಲಿಯೇ ಒಬ್ಬ ಪಂದ್ಯದ ತೀರ್ಪುಗಾರನನ್ನು ಮದುವೆಯಾದೆ. ತೀರ್ಪುಗಾರರನ್ನು ಮದುವೆಯಾಗಬಾರದು. ಅಷ್ಟು ಸಾಕು.

ಚನ್ನಗಿರಿಯ ಅಣ್ಣನ ಮನೆಗೆ ನಾನು ಬಂದಿಳಿದ ಮಾರನೆಯ ಬೆಳಿಗ್ಗೆಯೇ ನ್ಯಾಮತಿಯವರು ಬರುವುದಿತ್ತು. ಅತ್ತಿಗೆ ನನ್ನನ್ನು ನಿಲ್ಲಿಸಿಕೊಂಡು ತನ್ನ ಮೈಸೂರು ಸಿಲ್ಕ್ ಸೀರೆ ಸುತ್ತತೊಡಗಿದಳು.

“ಜೇಬಿಲ್ಲ ಇದ್ರಾಗೆ,” ಎಂದೆ. ಚಿಂತೆಯಾದಾಗ ನನ್ನ ಕೈಗೆ ಜೇಬು ಬೇಕು.

“ಸೀರ್ಯಾಗೆ ಜೇಬು ಯಾರು ಇಟ್ಕಂತಾರೆ ಮಾರಾಯ್ತಿ? ಸೆಟೆದು ನಿಂತ್ಕ. ನಗಬ್ಯಾಡ, ಹಲ್ಲು ಕಾಣ್ತಾವೆ. ಬಿಗೀನೂ ಇರಬ್ಯಾಡ, ಸಿಟ್ಟಿನೋಳು ಅಂತಾರೆ.”

“ಹೆಂಗಿರ್ಲಿ ಮತ್ತೆ?”

“ಸುಮ್ನಿರು.”

ಅಣ್ಣ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. “ಇನ್ನೊಂದು ವಿಷ್ಯ ಐತೆ. ಹುಡುಗಿ ತಾತ, ನ್ಯಾಮತಿ ಯಜಮಾನ್ರಿಗೆ ಚದುರಂಗ ಅಂದ್ರೆ ಪ್ರಾಣ. ನಿನ್ನ ಜೊತಿಗೆ ಒಂದಾಟ ಆಡ್ತಾರಂತೆ. ನ್ಯಾಮತಿಯಾಗೆ ಅವರ್ನ ಯಾರೂ ಸೋಲ್ಸಿಲ್ಲ.”

“ಅಷ್ಟು ಚೆನ್ನಾಗಿ ಆಡ್ತಾರಾ?”

“ಇಲ್ಲ. ಯಾರೂ ಸೋಲ್ಸಲ್ಲ, ಅಷ್ಟೆ. ಹಿರೇರು, ಹೆಂಗೆ ಸೋಲ್ಸ್ತಾರೆ? ನೀನೂ ಒಂದಾಟ ಸೋತ್ಬಿಡು ತಂಗಿ. ಅವರ ಮನಸು ಖುಷಿಯಾಗೈತೆ ಅನ್ನೋ ಹೊತ್ನಾಗೆ ನಾನು ಹುಡುಗಿ ವಿಷ್ಯ ಎತ್ತುತೀನಿ.”

ಸೋಲುವುದರಲ್ಲಿ ನನಗೆ ದೀರ್ಘ ಅನುಭವವಿದೆ, ಆದರೆ ಬೇಕೆಂದು ಸೋತು ಅಭ್ಯಾಸವಿಲ್ಲ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಹೊರಗೆ ಓಮ್ನಿ ನಿಂತ ಸದ್ದಾಯಿತು.

ಯಜಮಾನರು ಒಂದು ಕಾಲಕ್ಕೆ ಮೆಕ್ಕೆಜೋಳದ ದಲ್ಲಾಳಿ. ರೈತರು ತಂದ ಚೀಲದಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ, ತೇವ ಇದೆಯೋ ಇಲ್ಲವೋ ಹೇಳುತ್ತಿದ್ದವರು. ಈಗ ಹಲ್ಲು ಅರ್ಧ ಹೋಗಿದ್ದವು, ನೋಟ ಮಾತ್ರ ಇನ್ನೂ ಕಚ್ಚುತ್ತಿತ್ತು. ಕುರ್ಚಿಯಲ್ಲಿ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹುಡುಗಿ ಅತ್ತಿಗೆಯ ಪಕ್ಕ ಗೋಡೆಗೊರಗಿ ಕೂತಳು. ಅವಳ ಅಪ್ಪ ಬಾಗಿಲ ಹತ್ತಿರ, ಬೇಕಾದರೆ ಓಡಿಹೋಗಬಹುದಾದ ಜಾಗದಲ್ಲಿ ಕೂತರು.

“ಏನ್ ತಾಯಿ, ಅಲ್ಲಿ ಚಳಿ ಹೆಂಗೆ?”

“ಪರವಾಗಿಲ್ರಿ ಯಜಮಾನ್ರೇ.”

“ಊಟ?”

“ಎಲ್ಲಾ ಸಿಗ್ತೈತ್ರಿ.”

“ಜನ?”

“ಬಾಳ ಒಳ್ಳೇ ಜನ.”

ಅಣ್ಣ ನನ್ನತ್ತ ಮೆಚ್ಚುಗೆಯಿಂದ ತಲೆಯಾಡಿಸಿದ. ಯಜಮಾನರು ತಾವು ತಂದಿದ್ದ ಬಟ್ಟೆಯ ಚೀಲ ಬಿಚ್ಚಿದರು. ಬೇರೆಯವರ ಕಾಯಿಗಳಲ್ಲಿ ಅವರು ಆಡುವುದಿಲ್ಲವಂತೆ. ಮರದ ಹಳೆಯ ಕಾಯಿಗಳು, ಒಂದು ಕಡೆ ಹಳದಿ, ಒಂದು ಕಡೆ ಕೆಂಪು. ಕೆಂಪು ತಮಗೆ ಎಂದರು. ಕೆಂಪು ಮಂತ್ರಿಯ ತಲೆಯನ್ನು ಯಾವ ಕಾಲದಲ್ಲೋ ಇಲಿ ಕಡಿದಿತ್ತು.

“ನಮ್ಮ ಕಡೆ ಆಟ ಆಡನ. ರಾಜ ಒಂದ್ಸಲ ಕುದುರೆ ಹಂಗೆ ಹಾರ್ತಾನೆ. ಗೊತ್ತೈತೋ ಇಲ್ವೋ?”

“ಗೊತ್ತೈತ್ರಿ,” ಎಂದೆ. ಹೊನ್ನಾಳಿಯ ನಗು ಕಿವಿಯಲ್ಲಿ ಕೇಳಿದಂತಾಯಿತು.

ಸೋಲತೊಡಗಿದೆ. ಸೋಲುವುದು ಇಷ್ಟು ಕಷ್ಟ ಎಂದು ಯಾರೂ ನನಗೆ ಹೇಳಿರಲಿಲ್ಲ. ಮೊದಲು ಒಂದು ಕುದುರೆಯನ್ನು ಅವರ ಪದಾತಿಯ ಬಾಯಿಗೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ಬೇರೆಲ್ಲೋ ಆಡಿದರು. ಆನೆಯನ್ನು ಬಯಲಿಗೆ ಬಿಟ್ಟೆ. ಅದನ್ನೂ ತೆಗೆದುಕೊಳ್ಳಲಿಲ್ಲ. ಕೊನೆಗೆ ನನ್ನ ಮಂತ್ರಿಯನ್ನೇ ತಂದು ಅವರ ಮುಂದೆ, ತಾಂಬೂಲದ ತಟ್ಟೆ ಹಿಡಿದ ಹಾಗೆ, ಹಿಡಿದೆ. ಗೋಡೆಯ ಬಳಿ ಹುಡುಗಿ ಕೈಯಿಂದ ಮುಖ ಮುಚ್ಚಿಕೊಂಡಳು.

ಯಜಮಾನರು ಮಂತ್ರಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು.

“ಪುಕ್ಕಟೆ ಬಂದ ಮಾಲಿನಾಗೆ ಹುಳ ಇರ್ತಾವೆ,” ಎಂದರು. “ಮೊದ್ಲು ಕುದುರೆ ಕೊಟ್ಟಿ. ಆಮ್ಯಾಕೆ ಆನೆ. ಈಗ ಮಂತ್ರಿ. ಇವಳೇನೋ ದೊಡ್ಡ ಗುಂಡಿ ತೋಡ್ಯಾಳೆ ಅಂತ ನಾನು ಹುಡುಕ್ತಾ ಕುಂತೀನಿ. ಗುಂಡೀನೇ ಇಲ್ಲ! ನನ್ನ ಗೆಲ್ಸಾಕೆ ನೋಡ್ತಿದೀಯೇನವ್ವ?”

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಅದಕ್ಕಾದರೂ ಧೈರ್ಯವಿತ್ತು.

“ಹಂಗೇನಿಲ್ಲ ಯಜಮಾನ್ರೇ, ಪಾಪ ಪ್ರಯಾಣದ ದಣಿವು...” ಎಂದ ಅಣ್ಣ.

“ನೀನು ಸುಮ್ಕಿರಪ್ಪ. ನ್ಯಾಮತಿಯಾಗೆ ಎಲ್ರೂ ಇದನ್ನೇ ಮಾಡ್ತಾರೆ. ನನಗೆ ಗೊತ್ತಾಗಲ್ಲ ಅನ್ಕಂಡಾರೆ. ಅವರ ಜೊತಿಗೆ ನಾನು ಹೊತ್ತು ಕಳೀತೀನಿ ಅಷ್ಟೆ. ಆದ್ರೆ ಈಕಿ ವಿಷ್ಯ ಬ್ಯಾರೆ.” ನನ್ನ ಕಡೆ ತಿರುಗಿದರು. “ಒಂದು ಆಟಕ್ಕೆ ಸುಳ್ಳು ಆಡೋಳು ನೀನು. ನಾಳೆ ಅಲ್ಲಿಂದ ಫೋನ್ ಮಾಡಿ, ಹುಡುಗಿ ಉಂಡ್ಲು, ಹುಡುಗಿ ಆರಾಮ ಅದಾಳೆ ಅಂತ ಹೇಳಿದ್ರೆ ನಾನು ಹೆಂಗೆ ನಂಬ್ಲಿ?”

ಹತ್ತಿರದಲ್ಲಿ ಬಾವಿ ಇದ್ದಿದ್ದರೆ ಇಳಿಯುತ್ತಿದ್ದೆ. ನಾನು ಊಹಿಸಿದ್ದ ಕೇಡುಗಳಲ್ಲಿ ಇದು ಇರಲಿಲ್ಲ. ಸೋಲುವುದರಿಂದ ಸೋಲಬಹುದು ಎಂದು, ಬಾಗಿಲು ಹಾಕುವುದನ್ನೇ ಕಸುಬು ಮಾಡಿಕೊಂಡ ನನಗೆ ಹೊಳೆದಿರಲಿಲ್ಲ. ಹುಡುಗಿಯ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ಕೆಟ್ಟ ಆಟವನ್ನು ನೋಡಿದ ಆಟಗಾರರ ಮುಖ ಹೇಗಿರುತ್ತದೋ ಹಾಗಿತ್ತು. ಅದೇ ಹೆಚ್ಚು ನೋಯಿಸಿತು.

“ಇನ್ನೊಂದಾಟ ಜೋಡಿಸ್ರಿ,” ಎಂದೆ.

“ಜೋಡಿಸ್ತೀನಿ. ಈ ಸಲ ಕೇಳಿದ್ದಕ್ಕೂ ಸರಿಯಾಗಿ ಉತ್ರ ಕೊಡು. ಚಳಿ ಹೆಂಗೆ?”

“ಕೆಟ್ಟ ಚಳಿ ಯಜಮಾನ್ರೇ. ಮೂಗಿನಾಗಿನ ಕೂದ್ಲು ಸೆಟೀತಾವೆ.” ಪದಾತಿ ಮುಂದೂಡಿದೆ.

“ಊಟ?”

“ಬೀಟ್‌ರೂಟ್ ಸಾರು. ಮೊದ್ಲನೇ ಸಲ ನೋಡಿ ಯಾರಿಗೋ ಪೆಟ್ಟಾಗೈತೆ ಅನ್ಕಂಡಿದ್ದೆ. ಈಗ ನಾನೇ ಮಾಡ್ತೀನಿ. ಮುದ್ದೆ ಮಾಡಾಕೆ ಹಿಟ್ಟು ಇಲ್ಲಿಂದ ತಗಂಡು ಹೋಗ್ತೀನಿ.”

“ಜನ?”

“ಒಳ್ಳೇರೂ ಅದಾರೆ, ಮುಖ ತಿರುಗ್ಸೋರೂ ಅದಾರೆ. ಮೊದ್ಲನೇ ವರ್ಷ ಬಚ್ಚಲಾಗೆ ನಲ್ಲಿ ಬಿಟ್ಕಂಡು ಅಳ್ತಿದ್ದೆ. ನೀರಿನ ಬಿಲ್ ಜಾಸ್ತಿ ಬಂತು ಅಂತ ನಲ್ಲಿ ನಿಲ್ಸಿದೆ. ಅಳೋದೂ ಕಡಿಮೆ ಆತು.”

ಅಣ್ಣ ಕೆಮ್ಮಿದ. ಅವನ ಕೆಮ್ಮಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಿಚಿತ್ರವೆಂದರೆ, ಹಲಗೆಯ ಮೇಲೆ ಕಣ್ಣಿಟ್ಟರೆ ಬಾಯಿ ತಾನಾಗಿ ನಿಜ ಹೇಳುತ್ತದೆ. ಸುಳ್ಳಿಗೆ ಬೇಕಾದ ತಲೆಯೆಲ್ಲ ಆಟಕ್ಕೆ ಖರ್ಚಾಗಿರುತ್ತದೆ.

“ಗಂಡ?”

ಅತ್ತಿಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದವಳು ನಿಂತಲ್ಲೇ ನಿಂತಳು.

“ಬಿಟ್ಟಿದೀವಿ. ಜಗಳ ಏನಿಲ್ಲ, ಡ್ರಾ ಆತು.”

“ಹಂಗಂದ್ರೆ?”

“ಯಾರೂ ಗೆಲ್ಲಲ್ಲ, ಯಾರೂ ಸೋಲಲ್ಲ. ಸಾಕು ಅಂತ ಇಬ್ರೂ ಒಪ್ಪಿ ಕೈ ಕುಲುಕಿ ಏಳೋದು.”

“ಸಾಕು ಅಂತ ಮೊದ್ಲು ಅಂದೋರ್ಯಾರು?”

“ನಾನೇ.”

“ಹ್ಞೂಂ,” ಎಂದರು. ಆ ಹ್ಞೂಂಕಾರದಲ್ಲಿ ತೇವ ಎಷ್ಟಿತ್ತೆಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಾನು ಅವರ ಮಂತ್ರಿಯನ್ನು ಹೊಡೆದಿದ್ದೆ. ಹೊಡೆದ ಕಾಯಿಯನ್ನು ಪಕ್ಕಕ್ಕಿಡದೆ ಮುಷ್ಟಿಯಲ್ಲಿ ಹಿಡಿದು ಕೂರುವುದು ನನ್ನ ಹಳೆಯ ಚಟ. ಇಲಿ ಕಡಿದ ತಲೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ಕೂತೆ.

“ಕೊನೇದು. ಈ ಹುಡುಗಿ ಹೋದ್ರೆ ನಿನ್ನಂಗೆ ಆಗ್ತಾಳೇನು?”

ಯೋಚಿಸಿದೆ. ಆಟವನ್ನಲ್ಲ, ಆ ಮಾತನ್ನು.

“ಇಲ್ಲ ಯಜಮಾನ್ರೇ. ಅವಳು ನನಗಿಂತ ಚೆನ್ನಾಗಿ ಆಡ್ತಾಳೆ. ಧೈರ್ಯಾನೂ ಐತೆ. ನನಗೆ ಅದು ಯಾವತ್ತೂ ಇರಲಿಲ್ಲ. ಅಲ್ಲಿಗೆ ಬಂದ್ರೆ ಅವಳು ಏನಾಗ್ತಾಳೋ ನನಗೆ ಗೊತ್ತಿಲ್ಲ. ಬರದೇ ಇದ್ರೆ ಅವಳು ಏನೇನು ಆಗದೇ ಉಳೀತಾಳೆ ಅನ್ನೋದು ಗೊತ್ತೈತೆ.”

ಹುಡುಗಿ ಗೋಡೆ ಬಿಟ್ಟು ನೆಟ್ಟಗೆ ಕೂತಳು.

ಯಜಮಾನರು ಹಲಗೆ ನೋಡಿದರು. ಅವರ ರಾಜನಿಗೆ ಹೋಗಲು ಮನೆಯಿರಲಿಲ್ಲ. ತುಟಿಯಂಚಿನಲ್ಲಿ ನಕ್ಕು, ರಾಜನನ್ನೆತ್ತಿ, ಕುದುರೆಯ ಹಾಗೆ ನನ್ನ ಆನೆಯ ತಲೆಯ ಮೇಲಿಂದ ಹಾರಿಸಿ ಆಚೆಗಿಟ್ಟರು. “ಈಗ ಹಿಡಿ.”

ಆದರೆ ನಾನು ಜಗಳೂರಿನಲ್ಲಿ ಆಟ ಕಲಿತವಳು. ರಾಜ ಹಾರುತ್ತಾನೆ ಎಂಬುದನ್ನು ಮೊದಲೇ ಚಿಂತಿಸಿ, ಅವನು ಇಳಿಯಬಹುದಾದ ಮನೆಯ ಸುತ್ತ ಆಗಲೇ ಬಾಗಿಲು ಹಾಕಿಟ್ಟಿದ್ದೆ. ಉಳಿದದ್ದು ಒಂದೇ ಬಾಗಿಲು. ಕುದುರೆಯನ್ನು ಮುಂದಿಟ್ಟು ಅದನ್ನೂ ಹಾಕಿದೆ. ಹೊನ್ನಾಳಿಯಲ್ಲಿ ನಗೆಪಾಟಲಾದ ವಿದ್ಯೆ ಇಷ್ಟು ವರ್ಷಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಯಜಮಾನರು ಎದೆ ಹಿಡಿದುಕೊಳ್ಳಲಿಲ್ಲ. ಹಲಗೆಯನ್ನು ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ರಾಜನನ್ನು ಹಾರುವ ಮೊದಲಿದ್ದ ಜಾಗಕ್ಕೆ ವಾಪಸಿಟ್ಟು ಮತ್ತೆ ಹಾರಿಸಿ ನೋಡಿದರು.

“ಸತ್ತ,” ಎಂದರು, ಬಹಳ ತೃಪ್ತಿಯಿಂದ. “ಇಷ್ಟು ಚೆನ್ನಾಗಿ ನನ್ನ ಯಾರೂ ಸಾಯ್ಸಿರಲಿಲ್ಲ. ತತಾರವ್ವ ಆ ಉಪ್ಪಿಟ್ಟು, ಆರಿ ಹೋಗ್ತೈತೆ.”

ಎರಡು ತುತ್ತು ತಿಂದು, ಬಾಗಿಲ ಬಳಿಯ ಮಗನಿಗೆ ಹೇಳಿದರು. “ಕಳ್ಸು ಹುಡುಗೀನ. ಈಕಿ ನನಗೇ ಮುಲಾಜು ನೋಡ್ಲಿಲ್ಲ. ಅಲ್ಲಿ ಯಾರಿಗೂ ನೋಡಾಕಿಲ್ಲ.”

ಅಣ್ಣ ‘ನಾನು ಹೇಳಲಿಲ್ಲವೇ’ ಎಂಬ ಮುಖ ಮಾಡಿದ. ಅವನು ಹೇಳಿದ್ದರ ತದ್ವಿರುದ್ಧ ನಡೆದಿತ್ತು. ಅಣ್ಣಂದಿರಿಗೆ ಅದೆಲ್ಲ ಲೆಕ್ಕವಲ್ಲ. ಅತ್ತಿಗೆ ನನಗೆ ಕೇಸರಿಬಾತ್ ಹಾಕುತ್ತಾ ಕಿವಿಯಲ್ಲಿ, “ಡ್ರಾ ಅಂತೆ, ಡ್ರಾ!” ಎಂದಳು. ಹುಡುಗಿ ಬಂದು ನನ್ನ ಪಕ್ಕ ಕೂತು, ಮೊದಲ ಆಟದಲ್ಲಿ ನಿಜವಾಗಿ ಸೋಲಬೇಕೆಂದಿದ್ದರೆ ಯಾವ ಕಾಯಿಯನ್ನು ಎಲ್ಲಿ ಇಡಬೇಕಿತ್ತು ಎಂದು ವಿವರಿಸಿದಳು. ಅವಳು ಹೇಳಿದ್ದು ಸರಿಯಾಗಿತ್ತು.

ಸೀರೆ ಸಡಿಲವಾಗಲಿಲ್ಲ. ಉಪ್ಪಿಟ್ಟು ತಳ ಹತ್ತಲಿಲ್ಲ. ಕರೆಂಟು ಹೋಗಲಿಲ್ಲ, ನನ್ನ ಮುಖ ಕಂಡಿತು, ಯಾರಿಗೂ ಏನೂ ಆಗಲಿಲ್ಲ. ವಾಪಸು ಬರುವಾಗಲೂ ವಿಮಾನ, ಪೆಟ್ಟಿಗೆ, ನಾನು ಮೂವರೂ ಒಂದೇ ಊರಿಗೆ ಬಂದಿಳಿದೆವು.

‘ನಿನ್ನತ್ರಾನೇ ಇರ್ಲಿ’ ಎಂದು ಅತ್ತಿಗೆ ಕೊಟ್ಟ ಸೀರೆಯನ್ನು ಪೋಲೆಂಡಿನ ಮನೆಯಲ್ಲಿ ಬಿಚ್ಚಿ ಕೊಡವಿದಾಗ ಏನೋ ಟಕ್ಕೆಂದು ಬಿದ್ದು ಉರುಳಿ ಹೀಟರಿನ ಕೆಳಗೆ ಹೋಯಿತು. ಬಗ್ಗಿ ತೆಗೆದೆ. ಇಲಿ ತಲೆ ಕಡಿದ ಕೆಂಪು ಮಂತ್ರಿ. ಜೇಬಿಲ್ಲದ ಕೈ ಅದನ್ನು ಯಾವಾಗಲೋ ಸೊಂಟಕ್ಕೆ ಸಿಕ್ಕಿಸಿತ್ತು. ಮಡಿಸುವಾಗ ಮಡಿಕೆಯೊಳಗೆ ಕೂತಿತ್ತು.

ನಿಜ ಹೇಳುವವಳೆಂದು ಹೆಸರು ತೆಗೆದುಕೊಂಡ ಮೇಲೆ ಬೇರೆ ದಾರಿಯಿರಲಿಲ್ಲ. ಕೂಡಲೇ ನ್ಯಾಮತಿಗೆ ಫೋನ್ ಮಾಡಿದೆ.

“ನಿನ್ನತ್ರ ಐತಾ!” ಎಂದು ಯಜಮಾನರು ಕೂಗಿದರು. “ಮನೆ ಪೂರಾ ಗುಡಿಸ್ಸಿದೀನಿ, ಓಮ್ನಿ ಸೀಟು ಕಿತ್ತು ನೋಡ್ಸಿದೀನಿ. ಹುಡುಗಿನ ಜೋಪಾನ ಮಾಡ್ತೀನಿ ಅಂದೋಳು ನಮ್ಮ ಮಂತ್ರಿನೇ ಹೊತ್ಕಂಡು ಹೋದ್ಯಲ್ಲವ್ವ!”

“ಕೊರಿಯರ್ ಮಾಡ್ತೀನ್ರಿ.”

“ಬ್ಯಾಡ. ಅದು ಎಲ್ಲಿಗೆ ಹೋಗ್ತೈತೋ. ಹುಡುಗಿ ರಜಕ್ಕೆ ಬರುವಾಗ ಅವಳ ಕೈಯಾಗೆ ಕಳ್ಸು. ಅವಳನ್ನ ವಾಪಸು ಕಳ್ಸಾಕೆ ನಿನಗೂ ಒಂದು ನೆನಪಿರ್ಲಿ.”

“ಅಲ್ಲೀತನಕ ಆಟ ಹೆಂಗ್ರಿ?”

“ಮಂತ್ರಿ ಜಾಗದಾಗೆ ಬೆಳ್ಳುಳ್ಳಿ ಇಟ್ಕಂಡು ಆಡ್ತಿದೀನಿ,” ಎಂದರು. “ಯಾರೂ ಹೊಡ್ಯಾಕೆ ಬರಲ್ಲ. ಕೈ ನಾತ ಬರ್ತೈತೆ ಅಂತಾರೆ.”